ಕಡಲ ಬಾಗಿಲಲ್ಲಿ ಕಾಯುವ ಸರಕು

ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಪಿನಾಕಿನಿಗಳು ಎರಡು. ಉತ್ತರ ಪಿನಾಕಿನಿಯು ಗೌರಿಬಿದನೂರನ್ನು ಹಾದು, ನಮ್ಮ ವಿದುರಾಶ್ವತ್ಥದ ಅರಳಿಕಟ್ಟೆಯನ್ನೂ ನಾಗಶಿಲೆಗಳನ್ನೂ ಬಳಿಸಾರಿ, ಆಂಧ್ರದ ನೆಲವನ್ನು ಹೊಕ್ಕು, ಕೊನೆಗೆ ನೆಲ್ಲೂರಿನ ಆಚೆ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ದಕ್ಷಿಣ ಪಿನಾಕಿನಿಯು ಹೊಸಕೋಟೆಯ ಮಾರ್ಗವಾಗಿ ತಮಿಳುನಾಡಿಗೆ ಇಳಿದು ಕಡಲೂರಿನ ಬಳಿ ಅದೇ ಕೊಲ್ಲಿಯನ್ನು ಮುಟ್ಟುತ್ತದೆ. ಭೂಪಟವನ್ನು ಮುಂದಿಟ್ಟುಕೊಂಡು ನೋಡುವವರಿಗೆ ಒಂದು ಸಂಗತಿ ಕುತೂಹಲಕರವಾಗಿ ಕಾಣುತ್ತದೆ. ಈ ಎರಡು ಅಳಿವೆಗಳ ನಡುವೆ, ಹೆಚ್ಚು ಕಡಮೆ ಮಧ್ಯಭಾಗದಲ್ಲಿ, ಮದರಾಸಿದೆ. ನಮ್ಮ ನೀರು ಆ ಕಡೆಗೂ ಈ ಕಡೆಗೂ ಹಂಚಿಹೋಯಿತು. ನಮ್ಮ ಸರಕು ಮಾತ್ರ ನಡುವಣ ಮದರಾಸನ್ನೇ ಹಿಡಿದು ಹೋಯಿತು. ಈಗ ಚೆನ್ನೈ ಎನಿಸಿಕೊಂಡಿರುವ ಆ ಊರಿನ ಬಂದರು ಕಡಲನ್ನೇ ಕಾಣದ ನಮ್ಮ ಸೀಮೆಯ ಬಂದರೂ ಹೌದು. ಅಲ್ಲಿ ಹಡಗೊಂದು ಮೂರು ದಿನ ಕಾದರೆ ಇಲ್ಲಿ ಚಿಂತಾಮಣಿಯ ರೈತನೊಬ್ಬನ ಚೀಲ ಕೊಳೆಯಬಹುದು. ಈ ಸಂಬಂಧ ಇಂದು ನಿನ್ನೆಯದಲ್ಲವೆಂಬುದನ್ನು ಇತಿಹಾಸದ ಕೆಲವು ಪುಟಗಳಿಂದ ತಮಗೆ ತೋರಿಸಬೇಕೆಂದು ಹೊರಟಿದ್ದೇನೆ.

ಮೊದಲು ಒಂದೆರಡು ಮಾತು ಶಬ್ದಗಳ ಬಗೆಗೆ. ಕನ್ನಡ ಕಲಿಸಿ ಬದುಕಿದವನು ನಾನು. ಶಬ್ದವನ್ನು ಮುಟ್ಟದೆ ವಿಷಯಕ್ಕೆ ಹೋಗಲಾರೆ. ನಮ್ಮ ಶಾಸನಗಳಲ್ಲಿ ಊರುಗಳ ಬಗೆಗಳನ್ನು ಎಣಿಸುವಾಗ ಗ್ರಾಮ, ನಗರ, ಖೇಡ, ಖರ್ವಡಗಳ ಜೊತೆಗೆ ದ್ರೋಣಾಮುಖ, ಪತ್ತನ ಎಂಬ ಎರಡು ಹೆಸರುಗಳು ಬರುತ್ತವೆ. ಅಯ್ಯಾವೊಳೆಯ ಐನೂರ್ವರ ಪ್ರಶಸ್ತಿಗಳನ್ನು ಓದಿದವರಿಗೆ ಇವು ಪರಿಚಿತವೇ. ಪತ್ತನವೆಂದರೆ ಸರಕು ಬಂದಿಳಿಯುವ ಊರು. ದ್ರೋಣಾಮುಖವೆಂದರೆ ನೆಲದ ದಾರಿಯೂ ನೀರಿನ ದಾರಿಯೂ ಕೂಡುವ ಊರು ಎಂದು ಒಂದು ಅರ್ಥ. ಈ ಎರಡನೆಯ ಶಬ್ದವನ್ನು ನಾವು ಕೈಬಿಟ್ಟದ್ದು ನಷ್ಟವೆಂದೇ ನನ್ನ ಭಾವನೆ. ಬಂದರಿನ ಕಷ್ಟಗಳೆಲ್ಲ ಹುಟ್ಟುವುದು ಆ ಕೂಡಲಿನಲ್ಲಿಯೇ. ಬಂದರು, ಲಂಗರು ಎಂಬ ಮಾತುಗಳು ಪಾರಸಿಯಿಂದ ಬಂದವು. ಕುದುರೆಗಳನ್ನು ತಂದವರು ತಮ್ಮ ಶಬ್ದಗಳನ್ನೂ ಇಳಿಸಿ ಹೋದರು. ನಮ್ಮ ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರಕ್ಕೆ ಸ್ಥಾನವುಂಟು. ಒಳನಾಡಿನಲ್ಲಿ ಕುಳಿತ ಕವಿಗೂ ಅದನ್ನು ಬಿಡುವಂತಿರಲಿಲ್ಲ. ಆದರೆ ಆ ಸಮುದ್ರದಲ್ಲಿ ತೆರೆಗಳಿವೆ, ಮೊಸಳೆಗಳಿವೆ, ಮುತ್ತುರತ್ನಗಳಿವೆ. ಲಂಗರು ಹಾಕಿ ತನ್ನ ಸರದಿಗಾಗಿ ಆಕಳಿಸುತ್ತ ನಿಂತ ಹಡಗು ವರ್ಣನೆಗೆ ಒದಗುವ ವಸ್ತುವಲ್ಲ.

ಕಾಯುವಿಕೆ ಮಾತ್ರ ಹಡಗಿನಷ್ಟೇ ಹಳೆಯದು. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ 'ಎರಿತ್ರಿಯನ್ ಸಮುದ್ರದ ಪೆರಿಪ್ಲಸ್' ಎಂಬ ವರ್ತಕರ ಕೈಪಿಡಿಯು ಮಲಬಾರಿನ ನೆಲ್ಕಿಂಡವೆಂಬ ಊರಿನ ವಿಚಾರವನ್ನು ಹೇಳುತ್ತದೆ. ನದಿಯಲ್ಲಿ ಮರಳುದಿಬ್ಬಗಳಿರುವುದರಿಂದ ದೊಡ್ಡ ಹಡಗುಗಳು ಕೆಳಗಿನ ಬಕರೆ ಎಂಬಲ್ಲಿಗೆ ಬಂದು, ಹೊರಗೇ ಲಂಗರು ಹಾಕಿ, ಮೆಣಸನ್ನು ತುಂಬಿಕೊಳ್ಳಬೇಕಾಗಿತ್ತಂತೆ. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತನು ನಮ್ಮ ಮಂಗಳೂರನ್ನು ಕಂಡು, ಅಲ್ಲಿಂದ ಮುಂದೆ ಕಲ್ಲಿಕೋಟೆಗೆ ಹೋದಾಗ ಹದಿಮೂರು ಚೀನೀ ಹಡಗುಗಳು ಅಲ್ಲಿ ನಿಂತಿದ್ದವು. ಚೀನಕ್ಕೆ ಹೋಗುವ ಗಾಳಿಯ ಕಾಲ ಬರುವವರೆಗೆ ಅವನು ಮೂರು ತಿಂಗಳು ಕಾದನು. ಕಾದು ಹೊರಡುವ ಹೊತ್ತಿಗೆ ಬಿರುಗಾಳಿಯೆದ್ದು ಹಡಗು ಒಡೆಯಿತೆಂಬುದು ಬೇರೆಯ ಕತೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಆ ಹಡಗುಗಳು ಕಾದದ್ದು ಋತುವಿಗಾಗಿ. ಗಾಳಿ ತಿರುಗಿದರೆ ಎಲ್ಲರಿಗೂ ಒಟ್ಟಿಗೇ ತಿರುಗುತ್ತಿತ್ತು. ಅಲ್ಲಿ ಹಿಂದು ಮುಂದು ಇರಲಿಲ್ಲ, ನನ್ನ ಸರದಿ ನಿನ್ನ ಸರದಿ ಎಂಬುದಿರಲಿಲ್ಲ. ಒಬ್ಬನ ಹಿಂದೆ ಒಬ್ಬನು ನಿಂತು ಕಾಯುವ ಕಾಯುವಿಕೆ, ಎಂದರೆ ಸಾಲಿನ ಕಾಯುವಿಕೆ, ಉಗಿಹಡಗು, ರೈಲು, ತಂತಿ ಇವುಗಳ ಜೊತೆಗೆ ಬಂದದ್ದು. ಗಾಳಿಯ ಹಂಗು ಹರಿದ ಮೇಲೆ ಧಕ್ಕೆಯ ಹಂಗು ಹುಟ್ಟಿತು.

ಮದರಾಸಿನ ವಿಚಿತ್ರವೆಂದರೆ ಅಲ್ಲಿ ಪಟ್ಟಣ ಮೊದಲು ಹುಟ್ಟಿತು, ಬಂದರು ಎರಡು ಶತಮಾನಗಳಿಗೂ ಮೀರಿ ತಡವಾಗಿ ಬಂದಿತು. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಆ ಮರಳುತೀರವನ್ನು ಪಡೆದಾಗ ಅಲ್ಲಿ ಕೊಲ್ಲಿಯಿರಲಿಲ್ಲ, ಅಳಿವೆಯ ಆಸರೆಯಿರಲಿಲ್ಲ. ಹಡಗುಗಳು ತೀರದಿಂದ ದೂರದಲ್ಲಿ ಬಯಲು ಕಡಲಿನಲ್ಲಿ ನಿಲ್ಲಬೇಕು. ನಡುವೆ ಸದಾ ಮೊರೆಯುವ ತೆರೆಗಳ ಸಾಲು. ಆ ಸಾಲನ್ನು ದಾಟಲು ಮಸೂಲ ಎಂಬ ದೋಣಿಗಳಿದ್ದವು. ಮೊಳೆ ಹೊಡೆದ ದೋಣಿ ಆ ಪೆಟ್ಟಿಗೆ ಸಿಡಿದುಹೋಗುವುದೆಂದು ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಅವನ್ನು ಕಟ್ಟುತ್ತಿದ್ದರು. ತೆರೆ ಅಪ್ಪಳಿಸಿದಾಗ ದೋಣಿ ಬಾಗುತ್ತಿತ್ತು, ಮುರಿಯುತ್ತಿರಲಿಲ್ಲ. ಗವರ್ನರನೂ ಗುಮಾಸ್ತನೂ, ಬಟ್ಟೆಯ ಗಂಟೂ ಬೆಳ್ಳಿಯ ಪೆಟ್ಟಿಗೆಯೂ ಆ ದೋಣಿಗಳಲ್ಲಿಯೇ ನೆನೆಯುತ್ತ ಇಳಿಯುತ್ತಿದ್ದವು. ಸಮುದ್ರ ಕೆರಳಿದರೆ ದೋಣಿಗಳು ಹೊರಡುವಂತಿಲ್ಲ. ಆಗ ಹಡಗಿನವರು ಪಟ್ಟಣದ ದೀಪಗಳನ್ನು ನೋಡುತ್ತ ದಿನಗಟ್ಟಲೆ ತೂಗಾಡುತ್ತಿರಬೇಕು. ಈಶಾನ್ಯ ಮಾರುತದ ಕಾಲದಲ್ಲಂತೂ ಅಲ್ಲಿ ನಿಲ್ಲುವುದೇ ಅಪಾಯ. 1746ರಲ್ಲಿ ಫ್ರೆಂಚರ ಲಾ ಬೂರ್ದೊನೆ ಮದರಾಸನ್ನು ಗೆದ್ದು ಬೀಗುತ್ತಿರುವಾಗಲೇ, ಅಕ್ಟೋಬರ್ ತಿಂಗಳ ಒಂದು ರಾತ್ರಿಯ ಬಿರುಗಾಳಿ ಅವನ ಹಡಗುಪಡೆಯನ್ನು ನುಚ್ಚುನೂರು ಮಾಡಿತು.

ಈ ಬಂದರಿಲ್ಲದ ಪಟ್ಟಣದ ಕೊರತೆಯ ಕಹಿ ನಮ್ಮ ಸೀಮೆಗೆ ಪೂರ್ತಿಯಾಗಿ ತಟ್ಟಿದ್ದು ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ, 1876ರಿಂದ 1878ರವರೆಗೆ. ನನ್ನ ಬಾಲ್ಯದಲ್ಲಿ ಊರಿನ ಮುದುಕಿಯರು ತಿನ್ನಲಾಗದ ಸೊಪ್ಪು ತಿಂದ ಅಜ್ಜಿಯರ ಕತೆಯನ್ನು ಹೇಳುತ್ತಿದ್ದರು; ಅವರು ಕಂಡದ್ದಲ್ಲ, ಕೇಳಿದ್ದು. ಎರಡು ತಲೆಮಾರು ದಾಟಿದರೂ ಆ ಮಾತಿನಲ್ಲಿ ಭಯ ಮಾಸಿರಲಿಲ್ಲ. ಮೈಸೂರು ಸಂಸ್ಥಾನವು ಆಗ ಬ್ರಿಟಿಷ್ ಕಮಿಷನರರ ಆಳ್ವಿಕೆಯಲ್ಲಿತ್ತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಎಲ್ಲವೂ ಅಂದಿನ ಕೋಲಾರ ಜಿಲ್ಲೆಯವು. ಆ ಜಿಲ್ಲೆಯು ಹೆಚ್ಚು ನೊಂದವುಗಳಲ್ಲಿ ಒಂದು.

ಧಾನ್ಯವೇ ಬರಲಿಲ್ಲವೆ? ಬಂದಿತು. ಬಂಗಾಳದಿಂದ, ಬರ್ಮಾದಿಂದ ಅಕ್ಕಿಯ ಹಡಗುಗಳು ಮದರಾಸಿಗೆ ಬಂದವು. ಕ್ಷಾಮದ ಕತೆಯಲ್ಲಿ ನಮ್ಮ ಪಠ್ಯಪುಸ್ತಕಗಳು ಮಳೆಯನ್ನು ಹೇಳುತ್ತವೆ, ಸರಕಾರದ ನೀತಿಯನ್ನು ಹೇಳುತ್ತವೆ; ಸಾಗಣೆಯನ್ನು ಹೇಳುವುದು ಕಡಮೆ. ಅಂದು 'ಮದರಾಸ್ ಟೈಮ್ಸ್' ಪತ್ರಿಕೆಯ ಸಂಪಾದಕನಾಗಿದ್ದ ವಿಲಿಯಂ ಡಿಗ್ಬಿ 1878ರಲ್ಲಿ ಎರಡು ಸಂಪುಟಗಳಲ್ಲಿ ಆ ಕ್ಷಾಮದ ಇತಿಹಾಸವನ್ನು ಬರೆದನು. ಅದನ್ನು ಓದುವಾಗ ಕಣ್ಣಿಗೆ ಕಟ್ಟುವ ಚಿತ್ರವೊಂದು ಮದರಾಸಿನ ಕಡಲತೀರದ್ದು. ಹಡಗಿನಿಂದ ದೋಣಿಗೆ, ದೋಣಿಯಿಂದ ಮರಳಿಗೆ ಇಳಿದ ಧಾನ್ಯದ ಮೂಟೆಗಳು ಬಯಲಿನಲ್ಲಿ ಬೆಟ್ಟಗಳಂತೆ ಬಿದ್ದಿವೆ. ಅವುಗಳನ್ನು ಒಳನಾಡಿಗೆ ಒಯ್ಯಲು ರೈಲಿಗೆ ಶಕ್ತಿ ಸಾಲದು. ಬಂಡಿಗಳೂ ಎಂಜಿನುಗಳೂ ಇರುವಷ್ಟೇ, ದಾರಿ ಒಂದೇ. ಮೈಸೂರು ಸಂಸ್ಥಾನಕ್ಕಿದ್ದ ರೈಲು ಜೋಲಾರಪೇಟೆಯಿಂದ 1864ರಲ್ಲಿ ಬೆಂಗಳೂರಿಗೆ ಬಂದು ಅಲ್ಲಿಗೇ ನಿಂತಿತ್ತು. ಬೆಂಗಳೂರಿನಿಂದಾಚೆಗೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳು ಸತ್ತಿದ್ದವು. ಹೀಗೆ ಮದರಾಸಿನ ತೀರದಲ್ಲಿ ಒಂದು ತಡೆ, ರೈಲಿನಲ್ಲಿ ಇನ್ನೊಂದು, ಬೆಂಗಳೂರಿನ ನಿಲ್ದಾಣದಲ್ಲಿ ಮತ್ತೊಂದು. ಪಿನಾಕಿನಿಯ ದಂಡೆಯ ಹಳ್ಳಿಗೆ ಬರಬೇಕಾದ ಮೂಟೆ ಮೂರು ಬಾಗಿಲುಗಳಲ್ಲಿ ಕಾಯಬೇಕಾಗಿತ್ತು. ಹಸಿದವನು ಕಾಯುವ ಕಾಲವೂ ಮೂಟೆ ಕಾಯುವ ಕಾಲವೂ ಒಂದೇ ಅಲ್ಲ.

ಆ ಸಂಕಟದಿಂದ ಕಲಿತ ಪಾಠದ ಫಲವೇ ಬೆಂಗಳೂರು–ಮೈಸೂರು ರೈಲು. ಕ್ಷಾಮ ಪರಿಹಾರದ ಕಾಮಗಾರಿಯಾಗಿ ಅದು ಆರಂಭವಾಯಿತು. ನಮ್ಮ ಗೌರಿಬಿದನೂರಿನ ಮೇಲೆ ಹಿಂದೂಪುರದ ಕಡೆಗೆ ಹೋಗುವ ದಾರಿ ಆ ಶತಮಾನದ ಕೊನೆಯ ದಶಕದಲ್ಲಿ ಬಂತು. ಅದೇ ಹೊತ್ತಿನಲ್ಲಿ ಮದರಾಸಿನಲ್ಲಿಯೂ ಬಂದರಿನ ಕೆಲಸ ನಡೆದಿತ್ತು. 1875ರಲ್ಲಿ ವೇಲ್ಸ್ ರಾಜಕುಮಾರನ ಕೈಯಿಂದ ಕಲ್ಲು ಹಾಕಿಸಿ, ಕಡಲೊಳಕ್ಕೆ ಎರಡು ತೋಳುಗಳಂತೆ ಗೋಡೆಗಳನ್ನು ಚಾಚಿದರು. ಕೆಲಸ ಮುಗಿಯುವ ಹಂತಕ್ಕೆ ಬಂದಾಗ, 1881ರ ನವೆಂಬರ್ 12ರಂದು, ಚಂಡಮಾರುತ ಆ ತೋಳುಗಳನ್ನು ಮುರಿದು ಹಾಕಿತು. ಮತ್ತೆ ಕಟ್ಟಿದರು. ಕಟ್ಟಿದ ಮೇಲೆ ತಿಳಿದದ್ದೇನೆಂದರೆ, ಬಾಗಿಲು ಪೂರ್ವಕ್ಕೆ ನೇರವಾಗಿ ತೆರೆದದ್ದರಿಂದ ತೆರೆಗಳು ಒಳಕ್ಕೇ ನುಗ್ಗುತ್ತವೆ, ಒಳಗೆ ನಿಂತ ಹಡಗು ಹೊರಗಿದ್ದಷ್ಟೇ ತೊನೆಯುತ್ತದೆ. 1904ರಲ್ಲಿ ಬಂದ ಫ್ರಾನ್ಸಿಸ್ ಸ್ಪ್ರಿಂಗ್ ಎಂಬ ಎಂಜಿನಿಯರು ಆ ಬಾಗಿಲನ್ನು ಮುಚ್ಚಿಸಿ ಈಶಾನ್ಯಕ್ಕೆ ಹೊಸದನ್ನು ತೆರೆಸಿದನು. ಅಂದಿನಿಂದ ಅದು ಬಂದರೆನಿಸಿತು. ಕಡಲಿನ ಪ್ರವಾಹ ದಕ್ಷಿಣದಿಂದ ಹೊತ್ತು ತರುತ್ತಿದ್ದ ಮರಳು ಈ ಗೋಡೆಗೆ ತಡೆಬಿದ್ದು ದಕ್ಷಿಣದಲ್ಲಿ ರಾಶಿಯಾಯಿತು. ಉತ್ತರದಲ್ಲಿ ರಾಯಪುರದ ಕಡೆಯ ತೀರವನ್ನು ಕಡಲು ಕೊರೆಯಿತು. ಮದರಾಸಿಗೆ ಹೋದವರೆಲ್ಲ ಸುಂಡಲ್ ತಿನ್ನುತ್ತ ಅಡ್ಡಾಡುವ ಮರೀನಾದ ವಿಶಾಲ ಮರಳು ಬಹುಪಾಲು ಈ ಬಂದರಿನ ಗೋಡೆಯ ಕೊಡುಗೆ. ಒಂದು ಕಡೆ ತಡೆದರೆ ಇನ್ನೊಂದು ಕಡೆ ರಾಶಿ ಬೀಳುವುದೆಂಬುದು ಮರಳಿಗೆ ಹೇಗೋ ಸರಕಿಗೂ ಹಾಗೆಯೇ.

ಕಡಲಿಲ್ಲದ ಸಂಸ್ಥಾನಕ್ಕೆ ಸ್ವಂತದ ಬಂದರೊಂದು ಬೇಕೆಂದು ಹಂಬಲಿಸಿದವರು ನಮ್ಮ ಸೀಮೆಯವರೇ ಆದ ವಿಶ್ವೇಶ್ವರಯ್ಯನವರು. ಚಿಕ್ಕಬಳ್ಳಾಪುರದ ಮಗ್ಗುಲಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಭಟ್ಕಳದಲ್ಲಿ ಬಂದರನ್ನು ಕಟ್ಟಿ ಅಲ್ಲಿಗೆ ರೈಲು ಒಯ್ಯುವ ಯೋಜನೆಗಾಗಿ ಬಹಳವಾಗಿ ಪ್ರಯತ್ನಿಸಿದರು. ಅದು ಕೈಗೂಡಲಿಲ್ಲ. ಭಟ್ಕಳವು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅನುಮತಿಯ ಕಾಗದ ಎಷ್ಟು ಮೇಜುಗಳನ್ನು ದಾಟಬೇಕೆಂಬುದನ್ನು ಊಹಿಸಿಕೊಳ್ಳಬಹುದು. 1956ರಲ್ಲಿ ರಾಜ್ಯ ಒಂದಾಗಿ ಮಂಗಳೂರೂ ಕಾರವಾರವೂ ನಮ್ಮವಾದವು. ಪಣಂಬೂರಿನಲ್ಲಿ ಹೊಸ ಬಂದರು ಎದ್ದು 1975ರಲ್ಲಿ ಉದ್ಘಾಟನೆಯಾಯಿತು. ಅದಕ್ಕೆ ಮುಂಚೆ ಮಂಗಳೂರಿನ ಹಳೆಯ ಬಂದರಿನ ಅಳಿವೆಯಲ್ಲಿ ಮರಳು ಕಟ್ಟಿ, ದೊಡ್ಡ ಹಡಗು ಹೊರಗಡಲಿನಲ್ಲಿಯೇ ನಿಂತು, ಕಾಫಿ ಗೋಡಂಬಿ ಹೆಂಚುಗಳು ದೋಣಿಗಳಲ್ಲಿ ಅದರ ಬಳಿಗೆ ಹೋಗಬೇಕಾಗಿತ್ತು. ಮಳೆಗಾಲದಲ್ಲಿ ಅದೂ ಇಲ್ಲ. 1979ರಲ್ಲಿ ಹಾಸನ–ಮಂಗಳೂರು ರೈಲು ಓಡಿತು. ಆದರೂ ಸಕಲೇಶಪುರದ ಘಟ್ಟವನ್ನು ಇಳಿಯುವ ಕಷ್ಟಕ್ಕಿಂತ ಮದರಾಸಿನ ಇಳಿಜಾರು ಸಲೀಸು. ನೀರಿನಂತೆ ವ್ಯಾಪಾರವೂ ತಗ್ಗನ್ನೇ ಹುಡುಕುತ್ತದೆ.

ಸ್ವಾತಂತ್ರ್ಯದ ನಂತರ ಮತ್ತೊಮ್ಮೆ ನಮ್ಮ ಅನ್ನ ಬಂದರಿನ ಬಾಗಿಲಲ್ಲಿ ನಿಂತಿತು. 1966ರಲ್ಲಿ ದೇಶವು ಸುಮಾರು ಒಂದು ಕೋಟಿ ಟನ್ ಆಹಾರಧಾನ್ಯವನ್ನು ಹೊರಗಿನಿಂದ ತರಿಸಿತು. 'ಹಡಗಿನಿಂದ ನೇರ ಬಾಯಿಗೆ' ಎಂಬ ಕಹಿಮಾತು ಆಗ ಬಳಕೆಗೆ ಬಂದಿತು. ಪಡಿತರದ ಅಂಗಡಿಯಲ್ಲಿ ಕೆಂಪುಜೋಳವನ್ನೂ ಅಮೆರಿಕದ ಗೋದಿಯನ್ನೂ ತಂದು, ರಾಗಿಯ ಕೈಗೆ ಒಗ್ಗದ ಆ ಹಿಟ್ಟಿನೊಡನೆ ನಮ್ಮ ತಾಯಂದಿರು ಸೆಣಸಿದ್ದು ನನ್ನ ವಯಸ್ಸಿನವರಿಗೆ ನೆನಪಿರುತ್ತದೆ. ಹಡಗು ಯಾವ ದಿನ ಧಕ್ಕೆಗೆ ಬರುವುದೆಂಬುದು ಅಂದು ರಾಜಧಾನಿಯಲ್ಲಿ ಮಂತ್ರಿಗಳ ನಿದ್ದೆ ಕೆಡಿಸುವ ವಿಷಯವಾಗಿತ್ತು.

ಕಾಯುವಿಕೆಯ ಇತಿಹಾಸದಲ್ಲಿ ಹಾಸ್ಯಕ್ಕೂ ಎಡೆಯುಂಟು. 1975ರಲ್ಲಿ ನೈಜೀರಿಯ ದೇಶವು, ತೈಲದ ಹಣ ಕೈಯಲ್ಲಿ ಆಡುತ್ತಿದ್ದ ಕಾಲದಲ್ಲಿ, ಬ್ಯಾರಕ್ಕುಗಳನ್ನೂ ಕಟ್ಟಡಗಳನ್ನೂ ಕಟ್ಟಲೆಂದು ತನ್ನ ಲಾಗೋಸ್ ಬಂದರು ವರ್ಷಗಟ್ಟಲೆ ಇಳಿಸಿದರೂ ಮುಗಿಯದಷ್ಟು ಸಿಮೆಂಟನ್ನು ಒಮ್ಮೆಗೇ ತರಿಸಿತು. ನಾನೂರಕ್ಕೂ ಮೇಲ್ಪಟ್ಟ ಹಡಗುಗಳು ಕಡಲಿನಲ್ಲಿ ಸಾಲುಗಟ್ಟಿದವು. ಸಿಮೆಂಟು ಚೀಲದಲ್ಲಿಯೇ ಕಲ್ಲಾಯಿತು. ಕಾದ ದಿನಗಳಿಗೆ ದಂಡ, ಎಂದರೆ ನಮ್ಮ ರೈಲ್ವೆ ಗೂಡ್ಸ್‌ಷೆಡ್ಡಿನವರೂ ಬಲ್ಲ 'ಡೆಮರೇಜು', ಸಿಗುತ್ತದೆಂದು ಆಸೆಪಟ್ಟು ಮುದಿ ಹಡಗುಗಳೂ ಬಂದು ಆ ಸಾಲನ್ನು ಸೇರಿಕೊಂಡವೆಂದು ಹೇಳುತ್ತಾರೆ. ಕೆಲಸ ಮಾಡುವುದಕ್ಕಿಂತ ಕಾಯುವುದೇ ಲಾಭವಾದ ಉದ್ಯೋಗಗಳು ನೆಲದ ಮೇಲೂ ಇವೆಯಷ್ಟೆ.

ಈ ಎಲ್ಲ ತಡೆಗಳಿಗೂ ಮದ್ದು ಸಿಕ್ಕಿತೆಂದು ಲೋಕ ನಂಬಿದ್ದು ಕಂಟೈನರ್ ಬಂದಾಗ. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್ಲೀನ್ ಎಂಬ ಅಮೆರಿಕದ ಲಾರಿ ಮಾಲಿಕನು 'ಐಡಿಯಲ್ ಎಕ್ಸ್' ಎಂಬ ಹಡಗಿನ ಮೇಲೆ 58 ಲೋಹದ ಪೆಟ್ಟಿಗೆಗಳನ್ನಿಟ್ಟು ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳುಹಿಸಿದನು. ಸರಕನ್ನು ಮೂಟೆಮೂಟೆಯಾಗಿ ಎತ್ತಿಳಿಸುವ ಬದಲು ಪೆಟ್ಟಿಗೆಯನ್ನೇ ಎತ್ತಿಳಿಸುವುದು. ಅದೇ ಪೆಟ್ಟಿಗೆ ಲಾರಿಯ ಮೇಲೂ ರೈಲಿನ ಮೇಲೂ ಕೂರುವುದು. ಯೋಚನೆ ಇಷ್ಟೇ. ವಾರಗಟ್ಟಲೆ ಧಕ್ಕೆಯಲ್ಲಿ ನಿಲ್ಲುತ್ತಿದ್ದ ಹಡಗು ಒಂದೆರಡು ದಿನಗಳಲ್ಲಿ ಹೊರಡುವಂತಾಯಿತು. ಭಾರತಕ್ಕೆ ಮೊದಲ ಕಂಟೈನರ್ ಹಡಗು 1973ರ ನವೆಂಬರಿನಲ್ಲಿ ಕೊಚ್ಚಿಗೆ ಬಂದಿತು. ಮದರಾಸಿನಲ್ಲಿ 1983ರಲ್ಲಿ ದೇಶದ ಮೊದಲ ಪ್ರತ್ಯೇಕ ಕಂಟೈನರ್ ಟರ್ಮಿನಲ್ಲು ತೆರೆಯಿತು. ಅದಕ್ಕೂ ಎರಡು ವರ್ಷ ಮೊದಲೇ, 1981ರಲ್ಲಿ, ಭಾರತದ ಮೊದಲ ಒಳನಾಡು ಕಂಟೈನರ್ ಡಿಪೋ ಆರಂಭವಾದದ್ದು ಬೆಂಗಳೂರಿನಲ್ಲಿ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಸುಂಕದ ಅಧಿಕಾರಿ ಬೆಂಗಳೂರಿನಲ್ಲಿಯೇ ಮುದ್ರೆ ಒತ್ತುತ್ತಾನೆ, ಪೆಟ್ಟಿಗೆ ರೈಲಿನಲ್ಲಿ ಮದರಾಸಿಗೆ ಹೋಗಿ ಹಡಗು ಹತ್ತುತ್ತದೆ. ಶಾಸನಗಳ ಆ ಹಳೆಯ ದ್ರೋಣಾಮುಖವನ್ನು ತೀರದಿಂದ ಇನ್ನೂರು ಮೈಲಿ ಒಳಕ್ಕೆ ತಂದು ಕೂರಿಸಿದಂತಾಯಿತು.

ಆದರೆ ಸಾಲು ಹೋಗಲಿಲ್ಲ. ಏಕೆಂಬುದನ್ನು ಹಿಟ್ಟಿನ ಗಿರಣಿಯ ದೃಷ್ಟಾಂತದಿಂದ ಹೇಳುತ್ತೇನೆ. ಗಿರಣಿಯವನು ಅರ್ಧ ಹೊತ್ತು ಬಿಡುವಾಗಿ ಕುಳಿತಿದ್ದರೆ 'ಈತನಿಗೆ ಕೆಲಸವಿಲ್ಲ' ಎನ್ನುತ್ತೇವೆ. ಅವನು ಬೆಳಗಿನಿಂದ ಸಂಜೆಯವರೆಗೆ ಬಿಡುವಿಲ್ಲದೆ ಬೀಸುತ್ತಿದ್ದರೆ 'ಚೆನ್ನಾಗಿ ನಡೆಯುತ್ತಿದೆ' ಎನ್ನುತ್ತೇವೆ. ಆದರೆ ಮುಂದೆ ಡಬ್ಬಗಳ ಸಾಲು ಬೆಳೆಯುವುದು ಆಗಲೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞನು ಈ ಸಾಲುಗಳ ಲೆಕ್ಕಕ್ಕೆ ಬುನಾದಿ ಹಾಕಿದನು. ಬರುವುದಕ್ಕೂ ಬೀಸುವುದಕ್ಕೂ ಗೊತ್ತಾದ ಹೊತ್ತಿಲ್ಲದ ಕಡೆ, ಒಂದೇ ಗಿರಣಿಯು ನೂರಕ್ಕೆ 50 ಪಾಲು ಹೊತ್ತು ದುಡಿಯುತ್ತಿದ್ದರೆ ಬಂದವನು ಸರಾಸರಿ ಒಬ್ಬನ ಬೀಸುವ ಹೊತ್ತಿನಷ್ಟು ಕಾಯುತ್ತಾನೆ. 80 ಪಾಲು ದುಡಿದರೆ ನಾಲ್ಕರಷ್ಟು. 90 ಪಾಲು ದುಡಿದರೆ ಒಂಬತ್ತರಷ್ಟು. ಕೊನೆಯ ಹತ್ತು ಪಾಲು ಹೆಚ್ಚಿದ್ದಕ್ಕೆ ಕಾಯುವ ಹೊತ್ತು ಇಮ್ಮಡಿಯನ್ನೂ ಮೀರಿತು. ಧಕ್ಕೆ ಒಂದು ಗಳಿಗೆಯೂ ಖಾಲಿಯಿರಬಾರದೆಂದು ಹಟ ಹಿಡಿಯುವ ಬಂದರಿನ ಹೊರಗೆ ಹಡಗುಗಳು ನಿಲ್ಲದೆ ಗತ್ಯಂತರವಿಲ್ಲ. ಕಂಟೈನರ್ ಬಂದರಿನಲ್ಲಿ ಇಂಥ ಗಿರಣಿಗಳು ಒಂದರ ಹಿಂದೊಂದರಂತೆ ಹಲವು: ಧಕ್ಕೆ, ಕ್ರೇನು, ಪೆಟ್ಟಿಗೆ ಪೇರಿಸುವ ಅಂಗಳ, ಸುಂಕದ ಕಚೇರಿ, ಹೊರಬಾಗಿಲು, ಬಾಗಿಲಾಚೆಯ ರಸ್ತೆ. ಅಂಗಳ ತುಂಬಿದರೆ ಕ್ರೇನು ಪೆಟ್ಟಿಗೆಯನ್ನು ಇಳಿಸುವುದಾದರೂ ಎಲ್ಲಿ? ಕ್ರೇನು ನಿಧಾನಿಸಿದರೆ ಹಡಗು ಧಕ್ಕೆ ಬಿಡದು. ಅದು ಬಿಡದೆ ಹೊರಗಿನದು ಒಳಬಾರದು. ಹೊರಗೆ ಕಾಣುವ ಹಡಗಿನ ಸಾಲಿಗೆ ಕಾರಣ ಅನೇಕ ವೇಳೆ ಕಡಲಿನಲ್ಲಿ ಇರುವುದಿಲ್ಲ, ಊರೊಳಗಿನ ರಸ್ತೆಯಲ್ಲಿರುತ್ತದೆ.

ಚೆನ್ನೈಯ ಕತೆ ಇದೇ. ಬಂದರು ಪಟ್ಟಣದ ನಡುಮನೆಯಲ್ಲಿದೆ. ಹಗಲಿನಲ್ಲಿ ಭಾರದ ಲಾರಿಗಳು ಊರೊಳಗೆ ಓಡಾಡಲು ನಿರ್ಬಂಧ. ಉಳಿದದ್ದು ಉತ್ತರದ ಕಡೆಯ ತಿರುವೊಟ್ಟಿಯೂರು, ಎಣ್ಣೂರುಗಳ ದಾರಿ. ಆ ದಾರಿಯಲ್ಲಿ ಟ್ರೇಲರುಗಳು ಮೈಲಿಗಟ್ಟಲೆ ನಿಂತು, ಚಾಲಕರು ಅದರ ಕೆಳಗೇ ಅಡಿಗೆ ಮಾಡಿಕೊಂಡು, ಅಲ್ಲಿಯೇ ಮಲಗಿ ದಿನ ಕಳೆದ ವರ್ಷಗಳುಂಟು. ಎಣ್ಣೂರು–ಮಣಲಿ ರಸ್ತೆಯನ್ನು ಸುಧಾರಿಸುವ ಯೋಜನೆ ವರ್ಷಗಟ್ಟಲೆ ಎಳೆಯಿತು. ಬಂದರಿನಿಂದ ಮಧುರವಾಯಲಿಗೆ ಎತ್ತರದ ಮೇಲುರಸ್ತೆಯೊಂದಕ್ಕೆ 2009ರಲ್ಲಿ ಶಂಕುಸ್ಥಾಪನೆಯಾಯಿತು. ಕಂಬಗಳು ಕೂವಂ ನದಿಯ ದಂಡೆಯಲ್ಲಿ ಎದ್ದು, 2012ರಲ್ಲಿ ಕೆಲಸ ನಿಂತಿತು. ಹತ್ತು ವರ್ಷ ಆ ಕಂಬಗಳು ಹೊರಲು ಏನೂ ಇಲ್ಲದೆ ನಿಂತಿದ್ದವು. 2022ರಲ್ಲಿ ಅದೇ ರಸ್ತೆಗೆ, ಈ ಬಾರಿ ಎರಡು ಅಂತಸ್ತಿನದಾಗಿ, ಮತ್ತೆ ಶಂಕುಸ್ಥಾಪನೆಯಾಯಿತು. ನದಿಯ ಹರಿವಿಗೆ ಅಡ್ಡಿಯೆಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಆ ಹತ್ತು ವರ್ಷಗಳಲ್ಲಿ ಯಾರೂ ಗೆಲ್ಲಲಿಲ್ಲ, ನದಿಯೂ ಶುದ್ಧವಾಗಲಿಲ್ಲ ಎಂಬುದನ್ನೂ ಹೇಳಲೇಬೇಕು. ಈ ನಡುವೆ 2011ರಲ್ಲಿ ನ್ಯಾಯಾಲಯದ ಆದೇಶದಂತೆ ಕಲ್ಲಿದ್ದಲೂ ಕಬ್ಬಿಣದ ಅದಿರೂ ಚೆನ್ನೈಯನ್ನು ಬಿಟ್ಟು ಹೋದವು. ನಮ್ಮ ಬಳ್ಳಾರಿ–ಹೊಸಪೇಟೆಯ ಅದಿರು ಜಪಾನಿಗೆ ಹೋಗುತ್ತಿದ್ದುದು ಆ ಧಕ್ಕೆಯಿಂದಲೇ. ಎಣ್ಣೂರು, ಕಾಟ್ಟುಪಳ್ಳಿಗಳ ಹೊಸ ಬಂದರುಗಳು ಕೆಲವು ಹಡಗುಗಳನ್ನು ಸೆಳೆದುಕೊಂಡವು. ಸಾಲು ಕರಗಿದೆ, ಮತ್ತೆ ಕಟ್ಟಿದೆ. 2016ರ ವರ್ದಾ, 2023ರ ಮಿಚಾಂಗ್‌ನಂತಹ ಚಂಡಮಾರುತಗಳು ಬಂದಾಗ 1746ರಲ್ಲಿ ಮಾಡಬೇಕಾಗಿದ್ದುದನ್ನೇ ಹಡಗುಗಳು ಇಂದೂ ಮಾಡುತ್ತವೆ: ಧಕ್ಕೆ ಬಿಟ್ಟು ಬಯಲು ಕಡಲಿಗೆ ಓಡುತ್ತವೆ.

ಇನ್ನು ಇದರಲ್ಲಿ ನಮ್ಮವರದೇನು ಎಂಬ ಪ್ರಶ್ನೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯವರಿಗೆ ಇದರ ಉತ್ತರ ಗೊತ್ತು. ಚೀನಾ ರೇಷ್ಮೆ ಬರುವುದು ಕುಗ್ಗಿದಾಗ ಇಲ್ಲಿನ ಬೆಲೆ ಏರುವುದನ್ನು ಅವರು ಕಂಡಿದ್ದಾರೆ; ಒಬ್ಬನ ತಡೆ ಇನ್ನೊಬ್ಬನ ಬಿಡುವು. ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಈರುಳ್ಳಿಯ ಮಾತು. ಬೆಂಗಳೂರು ರೋಸ್ ಎಂದು ಹೆಸರಾದ, ಭೌಗೋಳಿಕ ಗುರುತಿನ ಮಾನ್ಯತೆ ಪಡೆದ, ಚಪ್ಪಟೆ ತಳದ, ಕಡುಗೆಂಪು ಬಣ್ಣದ ಸಣ್ಣ ಈರುಳ್ಳಿಯೊಂದು ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಸೀಮೆಗಳಲ್ಲಿ ಬೆಳೆಯುತ್ತದೆ. ವಿಚಿತ್ರವೆಂದರೆ ಇದನ್ನು ನಾವು ಹೆಚ್ಚಾಗಿ ತಿನ್ನುವುದಿಲ್ಲ. ನಮ್ಮ ಹುಳಿಗೂ ಪಲ್ಯಕ್ಕೂ ದಪ್ಪ ಈರುಳ್ಳಿಯೇ ಬೇಕು. ಇದರ ಖಾರಕ್ಕೆ ಮಾರುಹೋದವರು ಸಿಂಗಪುರ, ಮಲೇಷಿಯಾ, ಶ್ರೀಲಂಕಾದವರು. ಹೊಲದಿಂದ ಕಿತ್ತ ದಿನದಿಂದಲೇ ಅದರ ಕಣ್ಣು ಕಡಲಿನ ಕಡೆಗೆ. ಹಡಗು ಸಿಗದಿದ್ದರೆ ಹಿಂದಿರುಗಿ ಬಂದು ಮಾರಿಕೊಳ್ಳಲು ಊರಿನಲ್ಲಿ ಗಿರಾಕಿಯಿಲ್ಲ.

2019ರ ಸೆಪ್ಟೆಂಬರ್ 29ರಂದು, ಉತ್ತರದ ಪಟ್ಟಣಗಳಲ್ಲಿ ಈರುಳ್ಳಿಯ ಬೆಲೆ ಏರಿತೆಂದು ಕೇಂದ್ರ ಸರಕಾರವು ಎಲ್ಲ ಈರುಳ್ಳಿಯ ರಫ್ತನ್ನೂ ನಿಷೇಧಿಸಿತು. ದೆಹಲಿಯ ಅಡಿಗೆಮನೆಗೆ ಎಂದೂ ಹೋಗದ ಈ ಈರುಳ್ಳಿಯೂ ಆ ಆಜ್ಞೆಯ ಬಲೆಗೆ ಬಿದ್ದಿತು. ರೈತರೂ ಜನಪ್ರತಿನಿಧಿಗಳೂ ಮೊರೆಯಿಟ್ಟ ಮೇಲೆ, ಅಕ್ಟೋಬರ್ 28ರಂದು, 9,000 ಟನ್ನುಗಳಷ್ಟನ್ನು ನವೆಂಬರ್ 30ರೊಳಗೆ ಕಳುಹಿಸಬಹುದೆಂಬ ವಿನಾಯಿತಿ ಬಂದಿತು. ಅದರಲ್ಲಿ ಎರಡು ಷರತ್ತು. ರಾಜ್ಯದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ಬೇಕು; ಮತ್ತು ಸರಕು ಚೆನ್ನೈ ಬಂದರಿನಿಂದಲೇ ಹೋಗಬೇಕು. ಒಂದು ತಿಂಗಳ ಗಡುವು, ಒಂದೇ ಬಾಗಿಲು, ಅದೂ ಈಶಾನ್ಯ ಮಳೆಯ ಕಾಲದಲ್ಲಿ. ಗಿರಣಿಯ ಲೆಕ್ಕವನ್ನು ಇಲ್ಲಿಗೆ ಹೊಂದಿಸಿ ನೋಡಿ. ಕೊಯ್ಲನ್ನು ಮುಂದೆ ಹಾಕಲಾಗದು, ಗಡುವನ್ನೂ ಮುಂದೆ ಹಾಕಲಾಗದು. ಎಲ್ಲರ ಚೀಲವೂ ಒಂದೇ ವಾರದಲ್ಲಿ ಬಾಗಿಲಿಗೆ ಬರುತ್ತದೆ. ಗಾಳಿಯಾಡದೆ ನಿಂತ ಈರುಳ್ಳಿ ಬೆವರುತ್ತದೆ, ಮೊಳೆಯುತ್ತದೆ, ಒಂದು ಕೊಳೆತರೆ ಚೀಲವನ್ನೆಲ್ಲ ಕೊಳೆಸುತ್ತದೆ. 2020ರ ಸೆಪ್ಟೆಂಬರಿನಲ್ಲಿ ಮತ್ತೆ ನಿಷೇಧ. ಅಕ್ಟೋಬರಿನಲ್ಲಿ ಮತ್ತೆ ವಿನಾಯಿತಿ, ಈ ಸಲ 10,000 ಟನ್ನು, ಮುಂದಿನ ಮಾರ್ಚಿ ಕೊನೆಯವರೆಗೆ. ಬಾಗಿಲು ಮಾತ್ರ ಅದೇ ಚೆನ್ನೈ. ನಡುವಣ ದಿನಗಳಲ್ಲಿ ಹೊಲದಲ್ಲಿದ್ದ ಬೆಳೆಯ ಗತಿ ಏನಾಯಿತೆಂಬುದನ್ನು ನಮ್ಮ ತಾಲ್ಲೂಕುಗಳವರಿಗೆ ನಾನು ಹೇಳಬೇಕಾಗಿಲ್ಲ.

ಬಂದರಿನ ತಡೆಯನ್ನು ಹಡಗಿನ ಕಪ್ತಾನನೂ ಕ್ರೇನಿನವನೂ ಮಾತ್ರ ಸೃಷ್ಟಿಸುವುದಿಲ್ಲ. ಒಂದು ಸಂಜೆಯ ಸುತ್ತೋಲೆಯೂ ಸೃಷ್ಟಿಸಬಲ್ಲದು. ಧಾತು ಸಂವತ್ಸರದಲ್ಲಿ ಧಾನ್ಯ ಒಳಬರಲಾರದೆ ತೀರದಲ್ಲಿ ಬಿದ್ದಿತ್ತು. 2019ರಲ್ಲಿ ಈರುಳ್ಳಿ ಹೊರಹೋಗಲಾರದೆ ಒಳಗೆ ಬಿದ್ದಿತು. ಎರಡಕ್ಕೂ ದಾರಿ ಒಂದೇ ಆದದ್ದು ನನಗೆ ಆಕಸ್ಮಿಕವೆಂದು ತೋರುವುದಿಲ್ಲ. ವಿಶ್ವೇಶ್ವರಯ್ಯನವರು ಎರಡನೆಯ ಬಾಗಿಲೊಂದನ್ನು ಕೇಳಿದ್ದು ಏಕೆಂಬುದು ಇಲ್ಲಿ ಅರ್ಥವಾಗುತ್ತದೆ.

ಲೋಕದ ಸಾಲುಗಳೂ ಈಗ ನಮ್ಮ ಸಾಲುಗಳೇ. 2021ರ ಮಾರ್ಚಿಯಲ್ಲಿ 'ಎವರ್ ಗಿವನ್' ಎಂಬ ಹಡಗು ಸುಯೆಜ್ ಕಾಲುವೆಯಲ್ಲಿ ಆರು ದಿನ ಅಡ್ಡಬಿದ್ದಾಗ ನಾನೂರಕ್ಕೂ ಹೆಚ್ಚು ಹಡಗುಗಳು ಎರಡು ತುದಿಗಳಲ್ಲಿ ನಿಂತವು. 2022ರ ಜನವರಿಯಲ್ಲಿ ಅಮೆರಿಕದ ಲಾಸ್ ಏಂಜಲಿಸ್ ಬಂದರಿನ ಸಾಲು ನೂರು ದಾಟಿತು. 2023ರ ಕೊನೆಯಿಂದ ಕೆಂಪು ಸಮುದ್ರದ ಭಯದಿಂದ ಹಡಗುಗಳು ಆಫ್ರಿಕವನ್ನು ಬಳಸತೊಡಗಿ, ಕಾಲಪಟ್ಟಿಗಳೆಲ್ಲ ಕೆಟ್ಟು, 2024ರ ಮೇ ತಿಂಗಳಲ್ಲಿ ಸಿಂಗಪುರದ ಹೊರಗಡಲಿನಲ್ಲಿ ಧಕ್ಕೆಗಾಗಿ ಎರಡು ಮೂರು ದಿನ, ಕೆಲವು ವೇಳೆ ವಾರದವರೆಗೆ ಕಾಯುವಂತಾಯಿತು. ಅದೇ ತಿಂಗಳ 29ರಂದು ನಮ್ಮ ರೋಸ್ ಈರುಳ್ಳಿಯನ್ನು ರಫ್ತು ಸುಂಕದಿಂದ ಬಿಡುಗಡೆ ಮಾಡಿದರು. ಸುಂಕದ ಬಾಗಿಲು ತೆರೆದ ಹೊತ್ತಿಗೆ, ಅದು ಇಳಿಯಬೇಕಾದ ಊರಿನ ಮುಂದೆ ಹಡಗುಗಳು ಲಂಗರು ಹಾಕಿ ತಮ್ಮ ಸರದಿಗಾಗಿ ನಿಂತಿದ್ದವು.